ಎರಡು ಕಲ್ಲುಗಳ ನಡುವಿನ ಬೆಣೆ

ಕಳೆದ ಭಾನುವಾರ ಮಧ್ಯಾಹ್ನವಿಡೀ ನಾನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸ್ಕೇಲು ಹಿಡಿದು ಎಳೆದುಕೊಂಡ 19 ಅಡ್ಡಗೆರೆ, 19 ಉದ್ದಗೆರೆಗಳ ಮುಂದೆ ಕುಳಿತಿದ್ದೆ. ಒಂದು ಬಟ್ಟಲಲ್ಲಿ ಹುಣಸೆಬೀಜ, ಇನ್ನೊಂದರಲ್ಲಿ ಒಣ ಅವರೆಕಾಳು. ಹುಣಸೆಬೀಜ ಕಪ್ಪು ಕಲ್ಲು, ಅವರೆಕಾಳು ಬಿಳಿ ಕಲ್ಲು. ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ ಯಾರೋ ಅಪರಿಚಿತರೊಡನೆ ಆಡಿ ಸೋತ ಗೋ ಆಟವನ್ನು ಮೊದಲ ನಡೆಯಿಂದ ಮತ್ತೆ ಹೂಡಿ ನೋಡುವುದು ನನ್ನ ಕೆಲಸವಾಗಿತ್ತು. ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಇಡೀ ಆಟ ತಾನೇ ಓಡುತ್ತದೆ, ನಿಜ. ಆದರೆ ಎಲ್ಲಿ ಎಡವಿದೆನೆಂಬುದು ಕೈಯಿಂದ ಕಾಳು ಇಟ್ಟಾಗ ತಿಳಿಯುವಷ್ಟು ಚೆನ್ನಾಗಿ ನನಗೆ ಪರದೆ ನೋಡಿ ತಿಳಿಯುವುದಿಲ್ಲ.

ಎಡವಿದ ಜಾಗ ಒಂದೇ. ಒಂದು ಬಿಂದು ಬಿಟ್ಟು ಇಟ್ಟಿದ್ದ ನನ್ನ ಎರಡು ಕಪ್ಪು ಕಲ್ಲುಗಳ ನಟ್ಟನಡುವೆ ಎದುರಾಳಿ ಒಂದು ಬಿಳಿ ಕಲ್ಲನ್ನು ಇಟ್ಟರು. ಮರ ಸೀಳುವವರು ಬಿರುಕಿಗೆ ಬೆಣೆ ಹೊಡೆಯುತ್ತಾರಲ್ಲ, ಹಾಗೆ. ಜಪಾನೀಯರು ಇದನ್ನು ವಾರಿಕೋಮಿ ಎನ್ನುತ್ತಾರೆ. ಸೀಳಿಕೊಂಡು ಒಳಹೊಗುವುದು ಎಂದೇ ಅದರ ಅರ್ಥ. ಕನ್ನಡದಲ್ಲಿ ಬೆಣೆ ಎಂಬ ಮಾತಿರುವಾಗ ನಾನು ಅದನ್ನೇ ಬಳಸುತ್ತೇನೆ.

ಗೋ ಆಡದವರಿಗಾಗಿ ಎರಡು ಮಾತು. ಕಲ್ಲುಗಳನ್ನು ಗೆರೆಗಳು ಕೂಡುವ 361 ಬಿಂದುಗಳ ಮೇಲೆ ಸರದಿಯಂತೆ ಇಡುತ್ತಾರೆ. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಕಲ್ಲಿನ ಪಕ್ಕದಲ್ಲಿ ಗೆರೆಯುದ್ದಕ್ಕೂ ಖಾಲಿಯಿರುವ ಬಿಂದುಗಳೇ ಅದರ ಉಸಿರು. ಪಕ್ಕಪಕ್ಕದ ಸ್ವಪಕ್ಷದ ಕಲ್ಲುಗಳು ಒಂದೇ ಗುಂಪಾಗಿ ಉಸಿರನ್ನು ಹಂಚಿಕೊಳ್ಳುತ್ತವೆ. ಎಲ್ಲ ಉಸಿರೂ ಮುಚ್ಚಿಹೋದ ಗುಂಪನ್ನು ಮಣೆಯಿಂದ ಎತ್ತುತ್ತಾರೆ. ಒಂದೇ ಉಸಿರು ಉಳಿದ ಸ್ಥಿತಿಗೆ ಅತಾರಿ ಎಂದು ಹೆಸರು. ಕೊನೆಗೆ ಯಾರು ಹೆಚ್ಚು ಜಾಗವನ್ನು ಸುತ್ತುವರಿದಿದ್ದಾರೋ ಅವರು ಗೆದ್ದಂತೆ. ಈ ಜಾಗದ ಲೆಕ್ಕಕ್ಕೆ ಕೊರಿಯನ್ನರು ಹೇಳುವ ಮಾತು ‘ಜಿಪ್’, ಅಂದರೆ ಮನೆ. ಚೌಕಾಬಾರ ಆಡಿ ಬೆಳೆದ ನಮಗೆ ಮಣೆಯ ಮೇಲಿನ ಮನೆ ಹೊಸ ಮಾತೇನಲ್ಲ.

ಈಗ ಬೆಣೆಯನ್ನು ಹತ್ತಿರದಿಂದ ನೋಡೋಣ. ಒಂದೇ ಅಡ್ಡಗೆರೆಯ ಮೇಲೆ ಎಡಕ್ಕೊಂದು, ನಡುವೆ ಒಂದು ಬಿಂದು ಬಿಟ್ಟು ಬಲಕ್ಕೊಂದು ಕಪ್ಪು ಕಲ್ಲು ಇವೆಯೆಂದುಕೊಳ್ಳಿ. ಗೋ ಆಟದಲ್ಲಿ ಇದಕ್ಕಿಂತ ಸಾಮಾನ್ಯವಾದ ಜೋಡಣೆ ಮತ್ತೊಂದಿಲ್ಲ. ಒಂದು ಬಿಂದು ಬಿಟ್ಟು ಜಿಗಿಯುವುದು ಎಂದೂ ಕೆಟ್ಟ ನಡೆಯಾಗದು ಎಂದು ಜಪಾನಿನಲ್ಲಿ ಗಾದೆಯೇ ಇದೆ. ಬಿಳಿಯವರು ಆ ಖಾಲಿ ನಡುಬಿಂದುವಿಗೆ ಕಲ್ಲಿಡುತ್ತಾರೆ. ಆ ಕಲ್ಲಿಗೆ ಮೇಲೊಂದು ಉಸಿರು, ಕೆಳಗೊಂದು ಉಸಿರು, ಒಟ್ಟು ಎರಡೇ. ನೀವು ಮೇಲಿನಿಂದ ಮುಚ್ಚಿದರೆ ಅದು ಅತಾರಿ. ಬಿಳಿ ಕೆಳಕ್ಕೆ ಚಾಚಿಕೊಂಡು ಬದುಕುತ್ತದೆ. ಇಷ್ಟಾದಾಗ ಮಣೆಯ ಮೇಲೆ ಏನು ಉಳಿದಿದೆ ಎಂಬುದೇ ಇಡೀ ಬರಹದ ತಿರುಳು. ಮೇಲೆ ಇಟ್ಟ ನಿಮ್ಮ ಕಲ್ಲು ಎಡಗಲ್ಲಿಗೂ ಬಲಗಲ್ಲಿಗೂ ಓರೆಯಾಗಿ ಮಾತ್ರ ತಾಗಿ ನಿಂತಿದೆ, ನಡುಬಿಂದುವಂತೂ ಬಿಳಿಯ ಕೈಯಲ್ಲಿದೆ. ಹಾಗಾಗಿ ಎಡಗಲ್ಲಿನ ನೆತ್ತಿಯ ಮೇಲೊಂದು, ಬಲಗಲ್ಲಿನ ನೆತ್ತಿಯ ಮೇಲೊಂದು, ಹೀಗೆ ಎರಡು ಕಡಿಯುವ ಬಿಂದುಗಳು, ಅಂದರೆ ಬಿಳಿ ಕಲ್ಲು ಬಿದ್ದರೆ ನಿಮ್ಮ ಕಲ್ಲುಗಳ ನಂಟು ತುಂಡಾಗುವ ಜಾಗಗಳು, ಹುಟ್ಟಿಕೊಂಡಿವೆ. ನಿಮಗಿರುವುದು ಒಂದು ನಡೆ. ಅಲ್ಲಿ ನಿಮ್ಮದೇ ಕಲ್ಲಿಟ್ಟು ಎಡವನ್ನು ಹೊಲಿದರೆ ಬಲವನ್ನು ಕಡಿಯುತ್ತಾರೆ, ಬಲವನ್ನು ಹೊಲಿದರೆ ಎಡವನ್ನು.

ಹೊಸಬರು ಬೆಣೆ ಬಿದ್ದ ಕೂಡಲೇ ಆ ಕಲ್ಲನ್ನೇ ದಿಟ್ಟಿಸುತ್ತಾರೆ. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ. ನಮ್ಮ ಅಂಗಳಕ್ಕೆ ನುಗ್ಗಿದ ಒಂಟಿ ಕಲ್ಲು, ಎರಡೇ ಉಸಿರು, ಹಿಡಿದೇಬಿಡೋಣ ಎನ್ನಿಸುತ್ತದೆ. ಕಾದಾಟ ನಡೆಯುವುದು ಮೂರು ನಡೆಗಳ ಆಚೆ, ಆ ಎರಡು ಕಡಿತದ ಬಿಂದುಗಳಲ್ಲಿ. ಆದ್ದರಿಂದ ಬೆಣೆ ನಿಜವಾಗಿ ನಾಟುತ್ತದೆಯೇ ಇಲ್ಲವೇ ಎಂದು ತಿಳಿಯಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿದೆ: ಅವರು ಕಡಿಯಲು ಇಡುವ ಕಲ್ಲನ್ನು ಈ ಎರಡರಲ್ಲಿ ಒಂದು ಕಡೆಯಾದರೂ ನಾನು ಹಿಡಿಯಬಲ್ಲೆನೇ? ಹಿಡಿಯಬಲ್ಲೆನಾದರೆ ಆ ಕಡೆಯನ್ನು ಹೊಲಿಯುವ ಅಗತ್ಯವೇ ಇಲ್ಲ. ನನ್ನ ಒಂದು ನಡೆ ಇನ್ನೊಂದು ಕಡೆಗೆ ಸಾಕಾಗುತ್ತದೆ, ಬೆಣೆ ಸಡಿಲವಾಗುತ್ತದೆ.

ಹಿಡಿಯುವ ದಾರಿಗಳಲ್ಲಿ ಸುಲಭವಾದದ್ದನ್ನು ಚೀನೀಯರು ಹುಲಿಬಾಯಿ ಎನ್ನುತ್ತಾರೆ. ಬಲಗಲ್ಲಿನ ನೆತ್ತಿಯ ಮೇಲಿನ ಬಿಂದುವಿಗೂ ಒಂದು ಮನೆ ಮೇಲೆ ನಿಮ್ಮ ಕಲ್ಲೊಂದು ಮೊದಲೇ ಇದ್ದರೆ, ಅಲ್ಲಿ ಕಡಿಯಲು ಬಂದ ಬಿಳಿ ಕಲ್ಲು ಮೂರು ಕಡೆ ಕಪ್ಪಿನ ನಡುವೆ ಒಂದೇ ಉಸಿರಿನೊಂದಿಗೆ ಕುಳಿತಂತಾಗುತ್ತದೆ; ಬಾಯಿ ಮುಚ್ಚಿದರೆ ಮುಗಿಯಿತು. ಎರಡನೆಯ ದಾರಿ ಏಣಿ, ಮತ್ತು ನಾನು ಸೋತದ್ದು ಇಲ್ಲಿಯೇ. ಬಲಗಲ್ಲಿನ ಬಲಪಕ್ಕಕ್ಕೆ ತಾಗಿದಂತೆ ನಿಮ್ಮ ಇನ್ನೊಂದು ಕಲ್ಲು ಇದೆಯೆನ್ನಿ. ಆಗ ಕಡಿಯಲು ಬಂದ ಬಿಳಿಗೆ ಮೇಲೊಂದು, ಬಲಕ್ಕೊಂದು ಉಸಿರು. ನೀವು ಮೇಲಿನಿಂದ ಅತಾರಿ ಕೊಡುತ್ತೀರಿ, ಅದು ಬಲಕ್ಕೆ ಚಾಚುತ್ತದೆ. ಕೆಳಗೆ ನಿಮ್ಮ ಕಲ್ಲು ಇರುವುದರಿಂದ ಚಾಚಿದ ಮೇಲೂ ಅದಕ್ಕೆ ಎರಡೇ ಉಸಿರು. ಬಲದಿಂದ ಅತಾರಿ ಕೊಡುತ್ತೀರಿ, ಅದು ಮೇಲಕ್ಕೆ ಚಾಚುತ್ತದೆ. ಮತ್ತೆ ಎರಡೇ ಉಸಿರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಣೆಯ ಬಲಮೇಲಿನ ಮೂಲೆಯತ್ತ ಓಡಿಸಿಕೊಂಡು ಹೋದರೆ ಅಂಚಿನಲ್ಲಿ ಆ ಕಲ್ಲುಗಳೆಲ್ಲ ಸಾಯುತ್ತವೆ. ಆದರೆ ಈ ಓರೆದಾರಿಯಲ್ಲಿ ಎಲ್ಲಾದರೂ ಒಂದು ಬಿಳಿ ಕಲ್ಲು ಕಾದು ಕುಳಿತಿದ್ದರೆ ಓಡುವವರು ಅದನ್ನು ಸೇರಿಕೊಂಡು ಪಾರಾಗುತ್ತಾರೆ, ಓಡಿಸುತ್ತ ಬಂದ ನಿಮ್ಮ ಕಲ್ಲುಗಳಲ್ಲಿ ಮೆಟ್ಟಿಲಿಗೊಂದರಂತೆ ತೂತು ಬಿದ್ದಿರುತ್ತದೆ. ಏಣಿ ಮುರಿದರೆ ಆಟ ಅಲ್ಲಿಗೆ ಮುಗಿದಂತೆಯೇ.

ಇಷ್ಟನ್ನು ಯಾವ ಪಾಠದಲ್ಲಾದರೂ ಹೇಳಿಕೊಡುತ್ತಾರೆ. ಹುಣಸೆಬೀಜ ಹರಡಿಕೊಂಡು ಕುಳಿತಾಗ ನನಗೆ ಹೊಸದಾಗಿ ಹೊಳೆದದ್ದು ಮತ್ತೊಂದು. ಬೆಣೆಗೆ ಮೇಲಿನಿಂದ ಅತಾರಿ ಕೊಡಬೇಕೋ ಕೆಳಗಿನಿಂದ ಕೊಡಬೇಕೋ ಎಂಬ ಆಯ್ಕೆ ಉತ್ತರಿಸುವವನದು. ಮೇಲಿನಿಂದ ಕೊಟ್ಟರೆ ಕಡಿತದ ಬಿಂದುಗಳು ಮೇಲೆ ಹುಟ್ಟುತ್ತವೆ, ಏಣಿ ಬಲಮೇಲಿನ ಮೂಲೆಗೆ ಹೋಗುತ್ತದೆ. ಕೆಳಗಿನಿಂದ ಕೊಟ್ಟರೆ ಕಡಿತದ ಬಿಂದುಗಳು ಕೆಳಗೆ, ಏಣಿಯೂ ಬಲಕೆಳಗಿನ ಮೂಲೆಗೆ. ಅಂದಮೇಲೆ ಬೆಣೆ ಹೊಡೆಯುವವರು ಎರಡೂ ಏಣಿಗಳನ್ನು ಓದಿ ಎರಡೂ ತಮಗೆ ಅನುಕೂಲವಾಗಿವೆಯೆಂದು ಖಾತ್ರಿಪಡಿಸಿಕೊಳ್ಳಬೇಕು. ಉತ್ತರಿಸುವವನಿಗೆ ಎರಡರಲ್ಲಿ ಒಂದು ಸರಿಹೋದರೆ ಸಾಕು. ಬೆಣೆ ಬಿದ್ದಾಗ ಎದೆ ಧಸಕ್ಕೆನ್ನುವುದರಿಂದ ನಮಗೆ ಈ ಲೆಕ್ಕ ಉಲ್ಟಾ ಕಾಣಿಸುತ್ತದೆ.

ಆ ರಾತ್ರಿಯ ಆಟದಲ್ಲಿ ನನ್ನ ಸ್ಥಿತಿ ಹೀಗಿತ್ತು. ಮೇಲ್ಭಾಗದಲ್ಲಿ ನನಗೆ ಒಳ್ಳೆಯ ಜಾಗ ಕೂಡಿಬರುತ್ತಿತ್ತು. ಎಡಗಲ್ಲು ಮೂಲೆಯಲ್ಲಿ ಆಗಲೇ ಬದುಕಿದ್ದ, ಅಂದರೆ ಇನ್ನು ಯಾರೂ ಹಿಡಿಯಲಾಗದ, ಗುಂಪಿನಿಂದ ಜಿಗಿದು ಬಂದದ್ದು. ಬಲಗಲ್ಲಿನ ಹಿಂದೆ, ಅದೂ ಸೇರಿ, ಏಳು ಕಲ್ಲುಗಳ ಗುಂಪಿತ್ತು ಮತ್ತು ಅದಕ್ಕೆ ಇನ್ನೂ ನೆಲೆಯಿರಲಿಲ್ಲ, ಒಂಟಿಯಾಗಿ ಸಿಕ್ಕಿಬಿದ್ದರೆ ಸಾಯುವಂತಿತ್ತು. ಬೆಣೆ ಬಿತ್ತು. ಮೇಲಿನ ಜಾಗ ನನ್ನದು, ಅದನ್ನು ಕಾಯಬೇಕು ಎಂಬ ಒಂದೇ ಯೋಚನೆಯಲ್ಲಿ ಅರೆಕ್ಷಣವೂ ತಡೆಯದೆ ಮೇಲಿನಿಂದ ಅತಾರಿ ಕೊಟ್ಟೆ, ಎಡವನ್ನು ಹೊಲಿದೆ, ಬಲವನ್ನು ಅವರು ಕಡಿದರು, ಏಣಿ ಹತ್ತಿಸಿದೆ. ನಾಲ್ಕನೆಯ ಮೆಟ್ಟಿಲಿನಲ್ಲಿ ಕಣ್ಣಿಗೆ ಬಿತ್ತು: ಬಲಮೇಲಿನ ಮೂಲೆಯ ದಾರಿಯಲ್ಲಿ ಒಂದು ಬಿಳಿ ಕಲ್ಲು. ಸುಮಾರು ಇಪ್ಪತ್ತು ನಡೆಗಳ ಹಿಂದೆ ಅವರು ಅದನ್ನು ಅಲ್ಲಿ ಇಟ್ಟಾಗ, ಇದೇಕೆ ಇಲ್ಲಿಟ್ಟರಪ್ಪ ಎಂದುಕೊಂಡು ಉತ್ತರವನ್ನೂ ಕೊಟ್ಟಿದ್ದೆ. ಏಳು ಕಲ್ಲುಗಳೂ ಹೋದವು, ಆಟವೂ ಹೋಯಿತು.

ಬೆಣೆ ಬರುವ ಮುನ್ಸೂಚನೆಗಳಲ್ಲಿ ನಾನು ಈಗ ಮೊದಲಿಗೆ ಇಡುವುದು ಇದನ್ನೇ. ಮಣೆಯ ಒಂದು ಮೂಲೆಯಲ್ಲಿ ಎದುರಾಳಿ ಇಟ್ಟ ಕಲ್ಲಿಗೆ ಅಲ್ಲಿಯೇ ತಕ್ಕ ಕಾರಣ ಕಾಣದಿದ್ದರೆ, ಆ ಕಲ್ಲಿನಿಂದ ಓರೆಯಾಗಿ ಗೆರೆ ಎಳೆದುಕೊಂಡು ಹೋಗಿ ಆ ದಾರಿಯಲ್ಲಿ ನನ್ನ ಯಾವ ಜೋಡಣೆ ಇದೆ ಎಂದು ನೋಡಬೇಕು. ಉಳಿದ ಸೂಚನೆಗಳು ಮಣೆಯ ಮೇಲೆ ಹತ್ತಿರದಲ್ಲೇ ಇರುತ್ತವೆ: ಜಿಗಿದ ಎರಡು ಕಲ್ಲುಗಳ ಮೇಲೂ ಕೆಳಗೂ ಎದುರಾಳಿಯ ಕಲ್ಲುಗಳು ಬಂದು ನಿಂತಿರುವುದು, ನಮ್ಮ ಗುಂಪಿನ ಉಸಿರುಗಳು ಮೂರಕ್ಕೆ ಇಳಿದಿರುವುದು, ಅಥವಾ ಸತ್ತುಹೋಯಿತೆಂದು ನಾವು ಲೆಕ್ಕಕ್ಕೆ ಬಿಟ್ಟಿದ್ದ ಅವರ ಕಲ್ಲೊಂದು ಪಕ್ಕದಲ್ಲೇ ಇರುವುದು. ಹಿಡಿದ ಕಲ್ಲನ್ನು ಎತ್ತುವವರೆಗೆ ಅದು ಪೂರ್ತಿ ಸತ್ತಿರುವುದಿಲ್ಲ.

ಬೆಣೆಯ ಮಾತು ಬಂದಮೇಲೆ 2016ರ ಮಾರ್ಚ್ 13ನ್ನು ನೆನೆಯದೆ ಮುಂದೆ ಹೋಗಲಾಗದು. ಸೋಲ್ ನಗರದ ಹೋಟೆಲೊಂದರಲ್ಲಿ ಕೊರಿಯಾದ ಹೆಸರಾಂತ ಗೋ ಆಟಗಾರ ಲೀ ಸೆಡಾಲ್ ಮತ್ತು ಡೀಪ್‌ಮೈಂಡ್ ಕಂಪನಿಯವರು ಗೋ ಆಡಲೆಂದೇ ಕಟ್ಟಿದ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಗೋ ನಡುವೆ ಐದು ಆಟಗಳ ಪಂದ್ಯ ನಡೆಯುತ್ತಿತ್ತು. ಮೊದಲ ಮೂರನ್ನೂ ಯಂತ್ರವೇ ಗೆದ್ದು ಪಂದ್ಯದ ಫಲಿತಾಂಶ ತೀರ್ಮಾನವಾಗಿಹೋಗಿತ್ತು. ನಾಲ್ಕನೆಯ ಆಟದಲ್ಲಿ ಲೀ ಬಿಳಿ ಕಲ್ಲು ಹಿಡಿದು ಅಂಚುಗಳಲ್ಲಿ ಜಾಗ ಮಾಡಿಕೊಳ್ಳುತ್ತ ಹೋದರು, ಆಲ್ಫಾಗೋ ನಡುಮಣೆಯಲ್ಲಿ ಕಪ್ಪಿನ ದೊಡ್ಡ ಕೋಟೆ ಕಟ್ಟುತ್ತ ಹೋಯಿತು. ಕೋಟೆ ಹಾಗೆಯೇ ಮನೆಯಾದರೆ ಬಿಳಿಗೆ ಸೋಲು ಖಚಿತವೆಂದು ತೋರುತ್ತಿದ್ದ ಹೊತ್ತಿನಲ್ಲಿ, ಗಡಿಯಾರದಲ್ಲಿ ತನ್ನ ಸಮಯ ಕರಗುತ್ತಿರುವಾಗ, ಲೀ 78ನೆಯ ನಡೆಯಾಗಿ ಕೋಟೆಗೋಡೆಯ ಎರಡು ಕಪ್ಪು ಕಲ್ಲುಗಳ ನಡುವೆ ಒಂದು ಬಿಳಿ ಕಲ್ಲನ್ನು ತೂರಿಸಿದರು. ಅಪ್ಪಟ ಬೆಣೆ. ಮನುಷ್ಯ ಆಟಗಾರನೊಬ್ಬ ಆ ಬಿಂದುವನ್ನು ಆರಿಸುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಯಂತ್ರದ ಲೆಕ್ಕವಿತ್ತೆಂದು ಅದನ್ನು ಕಟ್ಟಿದವರೇ ಆಮೇಲೆ ತಿಳಿಸಿದರು. 79ನೆಯ ನಡೆಯಲ್ಲಿಯೇ ಆಲ್ಫಾಗೋ ತಪ್ಪು ಉತ್ತರ ಕೊಟ್ಟಿತು. ತಾನು ತಪ್ಪಿದೆನೆಂದು ಅದಕ್ಕೆ ಅರಿವಾದದ್ದು 87ನೆಯ ನಡೆಯ ಸುಮಾರಿಗೆ ಎಂದು ಡೀಪ್‌ಮೈಂಡ್‌ನ ಮುಖ್ಯಸ್ಥ ಡೆಮಿಸ್ ಹಸ್ಸಾಬಿಸ್ ಅಂದೇ ಬರೆದರು. 180 ನಡೆಗಳಾದ ಮೇಲೆ ಯಂತ್ರ ಸೋಲೊಪ್ಪಿತು. ಪಂದ್ಯ 4–1ಕ್ಕೆ ಮುಗಿಯಿತು. ಆ ಒಂದು ಗೆಲುವನ್ನು ತಂದುಕೊಟ್ಟದ್ದು ಈ ಬೆಣೆ. ಬೇರೆ ನಡೆ ಕಾಣದ್ದರಿಂದ ಅದನ್ನೇ ಇಟ್ಟೆ ಎಂಬರ್ಥದ ಮಾತನ್ನು ಲೀ ಆಟದ ನಂತರ ಆಡಿದರು. ಚೀನಾದ ಗೋ ಆಟಗಾರ ಗು ಲಿ ಅದನ್ನು ದೇವರ ಕೈ ಇಟ್ಟ ಕಲ್ಲು ಎಂದು ಹೊಗಳಿದರು.

ಆದರೆ ಈ ಕತೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸುವುದು ಅದರ ಉತ್ತರಭಾಗ. ನಂತರದ ವಿಶ್ಲೇಷಣೆಗಳಲ್ಲಿ ಕಂಡುಬಂದಂತೆ, ಕಪ್ಪು ಸರಿಯಾಗಿ ಉತ್ತರಿಸಿದ್ದರೆ ಆ ಬೆಣೆ ಪೂರ್ತಿ ನಾಟುತ್ತಿರಲಿಲ್ಲ. ಇದನ್ನು ಕೇಳಿ ಕೆಲವರು ಲೀ ಅವರ ನಡೆಯ ಬೆಲೆ ಇಳಿಯಿತೆಂದು ಭಾವಿಸುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಬೆಣೆ ಎದುರಾಳಿಯ ಮುಂದೆ ಒಂದು ಪ್ರಶ್ನೆ ಇಡುತ್ತದೆ. ಯಾವ ಕಡೆಯಿಂದ ಮುಚ್ಚುತ್ತೀಯೆ, ಯಾವುದನ್ನು ಬಿಡುತ್ತೀಯೆ, ಈಗಲೇ ಹೇಳು ಎಂದು. ಒಂದೇ ಸರಿಯುತ್ತರ ಇರುವಲ್ಲಿ ಆ ಪ್ರಶ್ನೆಯನ್ನು ಕೇಳುವುದೇ ಆಟಗಾರಿಕೆ, ಉತ್ತರ ಎದುರಾಳಿಗೆ ತಪ್ಪಿದ್ದು ಪ್ರಶ್ನೆಯ ದೋಷವಲ್ಲ.

ಸೀಳುವ ನಡೆಗಳಲ್ಲಿ ಬೆಣೆಯ ಒಡಹುಟ್ಟಿದ್ದೊಂದಿದೆ. ಚದುರಂಗದ ಕುದುರೆಯಂತೆ ಎರಡು ಮನೆ ಪಕ್ಕಕ್ಕೆ ಒಂದು ಮನೆ ಮೇಲಕ್ಕೆ ಹಾರಿ ಇಟ್ಟ ಎರಡು ಕಲ್ಲುಗಳನ್ನು ಕಡಿಯುವುದು. ಈ ಎರಡು ಕಲ್ಲುಗಳ ನಡುವೆ, ಒಂದರ ಮೇಲೊಂದರಂತೆ, ಎರಡು ಖಾಲಿ ಬಿಂದುಗಳಿರುತ್ತವೆ. ಅದು ಕುದುರೆಯ ಸೊಂಟ. ಕೆಳಗಿನಿಂದ ಬರುವ ಹೊಸಬರು ತಮಗೆ ಹತ್ತಿರದ ಬಿಂದುವಿಗೆ ಮೊದಲು ತಳ್ಳುತ್ತಾರೆ, ಎದುರಾಳಿ ದೂರದ ಬಿಂದುವಿನಲ್ಲಿ ಅಡ್ಡ ನಿಲ್ಲುತ್ತಾರೆ, ಆಮೇಲೆ ಕಡಿಯುತ್ತಾರೆ. ಕಡಿದದ್ದೇನೋ ಆಯಿತು, ಆದರೆ ಆ ಅಡ್ಡ ನಿಂತ ಕಲ್ಲಿನಿಂದ ಹೊರಗಿನ ಕುದುರೆಗೆ ಜೊತೆ ಸಿಕ್ಕಿ ಅದು ಗಟ್ಟಿಯಾಗಿರುತ್ತದೆ. ಪಳಗಿದವರು ದೂರದ ಬಿಂದುವಿಗೇ ಮೊದಲು ಹೊಡೆಯುತ್ತಾರೆ. ಈಗ ಎದುರಾಳಿ ಹತ್ತಿರದ ಬಿಂದುವಿಗೆ ನುಗ್ಗಿದರೆ ಇನ್ನೊಂದು ಮಗ್ಗುಲಿನಲ್ಲಿ ಕಡಿತ ಬಿದ್ದು ಹೊರಗಿನ ಕಲ್ಲು ಒಂಟಿಯಾಗಿ ಉಳಿಯುತ್ತದೆ. ಇದಕ್ಕೆ ಉತ್ತರವಾಗಿ ಜಪಾನೀಯರ ಗಾದೆಯೂ ಇದೆ: ಹೀಗೆ ಹೊಡೆದ ಕಲ್ಲನ್ನು ಕಡಿಯಲು ಹೋಗಬೇಡ ಎಂದು. ಏಣಿ ನಿಮ್ಮ ಕಡೆಗಿಲ್ಲದಿದ್ದರೆ ಅವರು ಸೇರಿಕೊಳ್ಳಲಿ ಎಂದು ಬಿಟ್ಟು, ಹಿಂದೆ ಸರಿದು, ನಿಮ್ಮ ಎರಡು ಪಾಲನ್ನೂ ಬೇರೆಬೇರೆಯಾಗಿ ಬದುಕಿಸುವುದು ಲೇಸು. ಗಾದೆಗಳನ್ನು ನಾನು ಅಷ್ಟಾಗಿ ನಂಬುವವನಲ್ಲ. ಈ ಗಾದೆ ಮಾತ್ರ ನನ್ನನ್ನು ಹಲವು ಬಾರಿ ಕಾಪಾಡಿದೆ.

ಇಣುಕುವ ನಡೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಂದಿನ ನಡೆಯಲ್ಲಿ ಕಡಿಯುತ್ತೇನೆ ಎಂದು ಸಂದಿಯ ಎದುರು ನಿಂತು ಹೆದರಿಸುವುದು ಅದು. ಇಣುಕಿದಾಗ ಹೊಲಿಯದ ದಡ್ಡನಿಲ್ಲ ಎಂಬ ಗಾದೆಯಂತೆ ಹೊಲಿದರಾಯಿತು. ಇಲ್ಲಿ ತಪ್ಪುವವರು ಹೆಚ್ಚಾಗಿ ಇಣುಕುವವರೇ. ನೇರವಾಗಿ ಕಡಿಯಬಹುದಾದ ಜಾಗದಲ್ಲಿ ಇಣುಕಿ ಎಚ್ಚರಿಸುವುದು, ಕಳ್ಳ ಬಾಗಿಲು ತಟ್ಟಿ ಒಳಬಂದಂತೆ.

ಬೆಣೆ ಬೀಳದಂತೆಯೇ ಮೊದಲು ಇಟ್ಟುಕೊಳ್ಳಬಾರದೇ ಎಂದು ಕೇಳಬಹುದು. ಇಟ್ಟುಕೊಳ್ಳಬಹುದು. ಎರಡೆರಡು ಕಲ್ಲುಗಳ ಎರಡು ಜೋಡಿಯನ್ನು ಒಂದು ಬಿಂದು ಬಿಟ್ಟು ಎದುರುಬದುರಾಗಿ ನಿಲ್ಲಿಸಿದರೆ ಅದು ಬಿದಿರಿನ ಗೆಣ್ಣು. ಒಂದು ಸಂದಿಗೆ ಅವರು ನುಗ್ಗಿದರೆ ಇನ್ನೊಂದನ್ನು ನೀವು ಮುಚ್ಚುತ್ತೀರಿ. ಆದರೆ ನಾಲ್ಕು ಕಲ್ಲು ಖರ್ಚು ಮಾಡಿ ಒಂದು ಹೆಜ್ಜೆ ಮುಂದೆ ಹೋಗುವವನು ಮಣೆಯ ಉಳಿದೆಡೆ ಹಿಂದೆ ಬೀಳುತ್ತಾನೆ. ಜಿಗಿಯುವುದೆಂದರೆ ವೇಗಕ್ಕಾಗಿ ಸಂದಿಯೊಂದನ್ನು ಸಾಲವಾಗಿ ಇಟ್ಟುಕೊಂಡಂತೆ. ಸಾಲ ಮಾಡದೆ ಗೋ ಆಡಲಾಗದು. ಯಾವ ಸಾಲ ಎಲ್ಲಿದೆ ಎಂದು ನೆನಪಿಟ್ಟಿರಬೇಕು, ಅಷ್ಟೇ.

ಎರಡೂ ಏಣಿಗಳು ಕೈಕೊಟ್ಟಿರುವ, ಹುಲಿಬಾಯಿಯೂ ಇಲ್ಲದ ಸ್ಥಿತಿಯೂ ಬರುತ್ತದೆ. ಆಗ ಬೆಣೆ ನಾಟಿದೆ ಎಂದು ಒಪ್ಪಿಕೊಳ್ಳಬೇಕು, ಮತ್ತು ಯಾವ ಅರ್ಧವನ್ನು ಬಿಡುತ್ತೇನೆ ಎಂಬುದನ್ನು ಅತಾರಿ ಕೊಡುವ ಮುಂಚೆಯೇ, ಕೈ ಇನ್ನೂ ಬಟ್ಟಲಲ್ಲಿರುವಾಗಲೇ, ನಿರ್ಧರಿಸಿಕೊಳ್ಳಬೇಕು. ಚೀನಾದ ಟಾಂಗ್ ಅರಸರ ಕಾಲದ ಗೋ ಆಟಗಾರ ವಾಂಗ್ ಜಿಶಿನ್ ಹೇಳಿದನೆಂದು ಪರಂಪರೆಯಲ್ಲಿ ನಂಬಿಕೊಂಡು ಬಂದಿರುವ ಹತ್ತು ಸೂತ್ರಗಳಲ್ಲಿ, ಕಲ್ಲನ್ನು ಬಿಟ್ಟು ಸರದಿಯನ್ನು ಗಳಿಸು, ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿ ಎಂಬ ಎರಡಿವೆ. ಬಿಡುವ ಅರ್ಧವನ್ನು ಸುಮ್ಮನೆ ಬಿಡಬೇಕಿಲ್ಲ. ಅದನ್ನು ಹಿಡಿಯಲು ಅವರು ಎರಡು ಮೂರು ನಡೆ ವ್ಯಯಿಸುವಂತೆ ಮಾಡಿ, ಆ ನಡೆಗಳ ಬದಲಿಗೆ ಉಳಿದರ್ಧದ ಹೊರಗೋಡೆಯನ್ನು ಗಟ್ಟಿಮಾಡಿಕೊಳ್ಳಬಹುದು. ಬೆಲೆಯುಳ್ಳ ಅರ್ಧ ಯಾವುದೆಂದು ತಿಳಿಯಲು ಕಲ್ಲುಗಳ ಸಂಖ್ಯೆಯಷ್ಟೇ ಸಾಲದು. ಮೂಲೆಯಲ್ಲಿ ಆಗಲೇ ಬದುಕಿರುವ ಗುಂಪಿನಿಂದ ಕಡಿದುಹೋದ ಒಂದು ಕಲ್ಲು ಹೋದರೆ ಆ ಒಂದು ಕಲ್ಲಷ್ಟೇ ಹೋಯಿತು. ನೆಲೆಯಿಲ್ಲದ ಗುಂಪಿನ ಕೊಂಡಿ ಹೋದರೆ ಗುಂಪೇ ಹೋಗುತ್ತದೆ.

ಈ ಅಳತೆಗೋಲನ್ನು ಹಿಡಿದು ಭಾನುವಾರ ನನ್ನ ಆಟವನ್ನು ಮತ್ತೆ ಹೂಡಿದೆ. ಮೇಲಿನಿಂದ ಅತಾರಿ ಕೊಟ್ಟ ಮೇಲೂ ನಾನು ಹೊಲಿಯಬೇಕಿದ್ದದ್ದು ಬಲವನ್ನು. ಎಡಗಲ್ಲು ಕಡಿದುಹೋಗಿ ಮೇಲಿನ ಜಾಗ ಒಂದಿಷ್ಟು ಸವೆಯುತ್ತಿತ್ತು, ಏಳು ಕಲ್ಲು ಉಳಿಯುತ್ತಿದ್ದವು. ಆಮೇಲೆ ಹುಣಸೆಬೀಜವನ್ನು ಎತ್ತಿ ಬೆಣೆಯ ಕೆಳಗಿಟ್ಟು ನೋಡಿದೆ. ಬಿಳಿ ಮೇಲಕ್ಕೆ ಚಾಚಿತು, ನನ್ನ ಜಾಗದೊಳಕ್ಕೆ. ಎಡದ ಕಡಿತವನ್ನು ಕೆಳಗೆ ಹೊಲಿದೆ. ಬಲಕ್ಕೆ ಅವರು ಕಡಿದರು. ಅವರೆಕಾಳನ್ನು ಬಲಕೆಳಗಿನ ಮೂಲೆಯತ್ತ ಮೆಟ್ಟಿಲು ಮೆಟ್ಟಿಲಾಗಿ ಓಡಿಸುತ್ತ ಹೋದೆ. ಆರು, ಏಳು, ಎಂಟು. ಒಂಬತ್ತನೆಯ ಮೆಟ್ಟಿಲಿನಲ್ಲಿ ಅವರೆಕಾಳಿಗೆ ಹೋಗಲು ಜಾಗವಿರಲಿಲ್ಲ. ಆಟದ ಮೂರನೆಯ ನಡೆಯಲ್ಲಿ ನಾನೇ ಇಟ್ಟು ಮರೆತಿದ್ದ ಹುಣಸೆಬೀಜವೊಂದು ಆ ದಾರಿಗೆ ಅಡ್ಡವಾಗಿ ಕುಳಿತಿತ್ತು.